ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಅರ್ಹತೆ ಮತ್ತು ಅತಿಯಾಗಿ ಸೊರಗುವ ಭಯ

ಈ ಶಸ್ತ್ರಚಿಕಿತ್ಸೆಗೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಡುವ ಮುನ್ನ ನಿಮ್ಮ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿ ನೋಡಿ. 160 ಸೆಂಟಿಮೀಟರ್ ಎತ್ತರದವರು 96 ಕಿಲೋ ಇದ್ದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 37.5 ಆಗುತ್ತದೆ. ನಮ್ಮ ದೇಶದ ವೈದ್ಯರು ಸಾಮಾನ್ಯವಾಗಿ ಈ ಮಟ್ಟವನ್ನು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡವಿದ್ದರೆ 32.5ನ್ನು, ಅರ್ಹತೆಯ ಗಡಿಯಾಗಿ ಪರಿಗಣಿಸುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರ ಕರಗಿ ಕಡ್ಡಿಯಾಗಿಬಿಡುತ್ತೇನೆಂಬ ಭಯ ಸಹಜವೇ. ಆದರೆ ಬಹುತೇಕರಲ್ಲಿ ತೂಕದ ಇಳಿಕೆಯು 12ರಿಂದ 18 ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ನಿಜವಾಗಿ ಅಂಜಬೇಕಾದದ್ದು, ನನ್ನ ದೃಷ್ಟಿಯಲ್ಲಿ, ಪ್ರೋಟೀನ್ ಕೊರತೆಗೆ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕಾಗುವುದರಿಂದ, ತಟ್ಟೆಯಲ್ಲಿರುವ ಮೊಳಕೆ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಮೊಟ್ಟೆಗಳನ್ನು ಮೊದಲು ನಿಧಾನವಾಗಿ ಅಗಿದು ತಿಂದು, ಹೊಟ್ಟೆಯಲ್ಲಿ ಜಾಗ ಉಳಿದರಷ್ಟೇ ಜೋಳದ ರೊಟ್ಟಿಯ ಚೂರು ಮುರಿಯಿರಿ. ವೈದ್ಯರು ಬರೆದುಕೊಟ್ಟ ಬಿ12, ಕಬ್ಬಿಣದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಪದೇ ಪದೇ ವಾಂತಿಯಾದರೆ, ನಡೆಯಲೂ ನಿಶ್ಶಕ್ತಿಯೆನಿಸಿದರೆ, ಮುಂದಿನ ತಪಾಸಣೆಗೆ ಕಾಯದೆ ಅಂದೇ ವೈದ್ಯರನ್ನು ಕಾಣಿರಿ.