ಜೆಫೆಟ್ ಬೆಸುಗೆ ಹಾಕುವ ಮುನ್ನ ಪಿಂಚ್-ಆಫ್ ಅಳೆಯಿರಿ
9 ವೋಲ್ಟ್ ಬ್ಯಾಟರಿಗೆ ಜೆಫೆಟ್ (ಗೇಟ್, ಡ್ರೈನ್, ಸೋರ್ಸ್ ಎಂಬ ಮೂರು ಕಾಲುಗಳ ಟ್ರಾನ್ಸಿಸ್ಟರ್) ಬಳಸಿ ಪ್ರೀಆಂಪ್ (ದುರ್ಬಲ ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್) ಕಟ್ಟುವವರು ದಯವಿಟ್ಟು ಜೆಫೆಟ್ ಮೇಲೆ ಅಚ್ಚಾದ ಸಂಖ್ಯೆಯನ್ನಷ್ಟೇ ನಂಬಬೇಡಿ. 2ಎನ್5457 ಎಂಬ ಜೆಫೆಟ್‌ನ ಪಿಂಚ್-ಆಫ್, ಅಂದರೆ ಸೋರ್ಸ್‌ಗೆ ಹೋಲಿಸಿದರೆ ಗೇಟ್ ಎಷ್ಟು ವೋಲ್ಟ್‌ಗೆ ಇಳಿದಾಗ ಕರೆಂಟ್ ನಿಲ್ಲುತ್ತದೋ ಅದು, ಮೈನಸ್ 0.5ರಿಂದ ಮೈನಸ್ 6 ವೋಲ್ಟ್‌ವರೆಗೆ ಎಲ್ಲಿಯಾದರೂ ಇರಬಹುದೆಂದು ತಯಾರಕರ ಡೇಟಾಶೀಟೇ ಹೇಳುತ್ತದೆ. ಗೇಟ್ ವೋಲ್ಟೇಜ್ ಪಿಂಚ್-ಆಫ್‌ಗಿಂತ ಎಷ್ಟು ಮೇಲಿದೆಯೋ, ಡ್ರೈನ್-ಸೋರ್ಸ್ ವೋಲ್ಟೇಜ್ ಅದಕ್ಕಿಂತ ಹೆಚ್ಚಿರಲೇಬೇಕು. ಕಡಿಮೆಯಾದರೆ ಜೆಫೆಟ್ ಬರೀ ರೆಸಿಸ್ಟರ್‌ನಂತೆ ವರ್ತಿಸುತ್ತದೆ, ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) ಕುಸಿಯುತ್ತದೆ. 18 ವೋಲ್ಟ್‌ನಲ್ಲಿ ಚೆನ್ನಾಗಿದ್ದ ಸರ್ಕ್ಯೂಟ್ 9ರಲ್ಲಿ ಸೊರಗುವುದು ಬಹುಮಟ್ಟಿಗೆ ಇದರಿಂದಲೇ.

ಅಳೆಯುವುದು ಸುಲಭ. ಡ್ರೈನ್ ಅನ್ನು ಬ್ಯಾಟರಿಯ ಪ್ಲಸ್‌ಗೆ, ಗೇಟ್ ಅನ್ನು ಮೈನಸ್‌ಗೆ ಜೋಡಿಸಿ. ಸೋರ್ಸ್ ಮತ್ತು ಮೈನಸ್ ನಡುವೆ ಡಿಜಿಟಲ್ ಮಲ್ಟಿಮೀಟರ್ ಇಡಿ. ಕಾಣುವ ಅಂಕಿಯೇ, ಮೈನಸ್ ಚಿಹ್ನೆ ಬಿಟ್ಟರೆ, ಹೆಚ್ಚುಕಡಿಮೆ ಪಿಂಚ್-ಆಫ್. 9 ವೋಲ್ಟ್‌ಗೆ ನಾನು ಈ ಅಂಕಿ 2 ವೋಲ್ಟ್ ಒಳಗಿರುವ ಜೆಫೆಟ್‌ಗಳನ್ನೇ ಆರಿಸುತ್ತೇನೆ. ಪ್ರೀಆಂಪ್‌ನಲ್ಲಿ ಡ್ರೈನ್‌ಗೆ ಟ್ರಿಮ್‌ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ, ಅಲ್ಲಿ 4.5ರಿಂದ 5 ವೋಲ್ಟ್ ಬರುವಂತೆ ತಿರುಗಿಸಿ.