ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟ್: ಪ್ರಯೋಗಾಲಯದಲ್ಲಿ ಮಾಡುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬ್ಯಾಕ್ಟೀರಿಯಾ ಕಾಂಕ್ರೀಟ್ ಈಗ ಅಚ್ಚುಮೆಚ್ಚಿನ ಪ್ರಾಜೆಕ್ಟ್ ವಿಷಯ. ಆದರೆ ನಾನು ನೋಡಿದ ತಂಡಗಳಲ್ಲಿ ಹೆಚ್ಚಿನವು ಒಂದೇ ಕಡೆ ಎಡವಿವೆ: ಬ್ಯಾಕ್ಟೀರಿಯಾ ಬೆಳೆಸಿದ ಬ್ರಾತನ್ನು, ಅಂದರೆ ಪೋಷಕ ದ್ರವವನ್ನು, ಹಾಗೆಯೇ ಎತ್ತಿ ಮಿಕ್ಸರಿಗೆ ಸುರಿದಿವೆ. ಒಂದು ಕಾಲೇಜಿನಲ್ಲಿ ಎರಡು ದಿನಗಳ ನಂತರ ಅಚ್ಚು ಬಿಚ್ಚಿದಾಗ ಕ್ಯೂಬಿನ ಅಂಚು ಬೆರಳು ತಾಗಿದರೆ ಸಾಕು ಒದ್ದೆ ಮರಳಿನಂತೆ ಉದುರುತ್ತಿತ್ತು. ವಿದ್ಯಾರ್ಥಿಗಳು ಸಿಮೆಂಟ್ ಹಳೆಯದೆಂದು ಅಂಗಡಿಯವರನ್ನು ದೂರಿದರು. ಅದೇ ಚೀಲದ ಸಿಮೆಂಟಿನಿಂದ ಎರಕ ಹೊಯ್ದ ಸಾದಾ ಕ್ಯೂಬುಗಳು ಪಕ್ಕದಲ್ಲೇ ಗಟ್ಟಿಯಾಗಿ ನಿಂತಿದ್ದವು.

ಕೆಲಸ ಆರಂಭಿಸುವ ಮೊದಲು ತತ್ವ ತಿಳಿದಿರಬೇಕು. ಕೆಲವು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಪರಿಸ್ಥಿತಿ ಪ್ರತಿಕೂಲವಾದಾಗ ದಪ್ಪ ಕವಚದ ಬೀಜಕಗಳಾಗಿ ನಿದ್ರಿಸುತ್ತವೆ. ಕಾಂಕ್ರೀಟಿನಲ್ಲಿ ಬಿರುಕು ಬಿಟ್ಟು ಒಳಗೆ ನೀರು ಮತ್ತು ಗಾಳಿ ಸೇರಿದಾಗ ಈ ಬೀಜಕಗಳು ಮೊಳೆತು, ಜೊತೆಯಲ್ಲಿಟ್ಟ ಕ್ಯಾಲ್ಸಿಯಂ ಲ್ಯಾಕ್ಟೇಟನ್ನು ತಿಂದು ಕ್ಯಾಲ್ಸಿಯಂ ಕಾರ್ಬೊನೇಟನ್ನು, ಅಂದರೆ ಸುಣ್ಣಕಲ್ಲನ್ನು, ಬಿರುಕಿನಲ್ಲಿ ಕಟ್ಟುತ್ತವೆ. ಹೀಗೆ ನೀರಿನ ದಾರಿ ಮುಚ್ಚಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ತಡವಾಗುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆಂಕ್ ಯೋಂಕರ್ಸ್ ಅವರ ತಂಡ ಈ ವಿಧಾನವನ್ನು ಬೆಳೆಸಿತು. ಅವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೂರು ದಿನ ನೀರಿನಲ್ಲಿಟ್ಟ ಬ್ಯಾಕ್ಟೀರಿಯಾ ಮಾದರಿಗಳಲ್ಲಿ 0.46 ಮಿಲಿಮೀಟರ್ ಅಗಲದವರೆಗಿನ ಬಿರುಕುಗಳು ಮುಚ್ಚಿದವು. ಬ್ಯಾಕ್ಟೀರಿಯಾ ಇಲ್ಲದವುಗಳಲ್ಲಿ 0.18 ಮಿಲಿಮೀಟರ್ ಮಾತ್ರ. ಬ್ಯಾಕ್ಟೀರಿಯಾ ಇಲ್ಲದೆಯೂ ಸಣ್ಣ ಬಿರುಕು ಸ್ವಲ್ಪಮಟ್ಟಿಗೆ ಮುಚ್ಚುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಕೊನೆಯ ಹಂತದಲ್ಲಿ ಇದು ಬೇಕಾಗುತ್ತದೆ.

ಮೊದಲ ಹಂತ ಬ್ಯಾಕ್ಟೀರಿಯಾ ತರಿಸುವುದು. ಚಂಡೀಗಡದಲ್ಲಿರುವ ಎಂಟಿಸಿಸಿ ಎಂಬ ಸೂಕ್ಷ್ಮಜೀವಿಗಳ ಸಂಗ್ರಹದಿಂದ ಕಾಲೇಜಿನ ಮೂಲಕ ತರಿಸಿಕೊಳ್ಳಿ. ಹೊಲದ ಮಣ್ಣಿನಿಂದ ತಾವೇ ಬೇರ್ಪಡಿಸಿದ್ದೇವೆ ಎನ್ನುವುದು ವರದಿಯಲ್ಲಿ ಚೆನ್ನಾಗಿ ಕಾಣಬಹುದು, ಆದರೆ ಮಣ್ಣಿನಲ್ಲಿ ಆಹಾರವನ್ನು ವಿಷವಾಗಿಸುವ ಬ್ಯಾಸಿಲಸ್‌ಗಳೂ ಇರುತ್ತವೆ. ಸೆಪ್ಟಿಕ್ ಟ್ಯಾಂಕಿಗೆಂದು ಮಾರುವ ಬ್ಯಾಕ್ಟೀರಿಯಾ ಪುಡಿಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಯಾವ ಜಾತಿ ಎಷ್ಟಿದೆ ಎಂದು ಪೊಟ್ಟಣ ನೋಡಿ ಹೇಳಲು ಸಾಧ್ಯವಿಲ್ಲ. ಜಾತಿಗಳಲ್ಲಿ ನನ್ನ ಆಯ್ಕೆ ಕ್ಷಾರವನ್ನು ಇಷ್ಟಪಡುವ ಬ್ಯಾಸಿಲಸ್ ಕೊಹ್ನಿ. ಯೂರಿಯಾ ಒಡೆಯುವ ಸ್ಪೋರೋಸಾರ್ಸಿನಾ ಪಾಶ್ಚುರಿ ಬೇಗ ಫಲ ಕೊಡುತ್ತದೆ ನಿಜ, ಆದರೆ ಜೊತೆಗೆ ಅಮೋನಿಯಾವನ್ನೂ ಬಿಡುತ್ತದೆ. ಅದಕ್ಕೆ ಕ್ಯಾಲ್ಸಿಯಂ ಮೂಲವಾಗಿ ಹಲವರು ಬಳಸುವ ಕ್ಯಾಲ್ಸಿಯಂ ಕ್ಲೋರೈಡ್ ಕಬ್ಬಿಣದ ಸರಳಿಗೆ ತುಕ್ಕು ತರುವುದರಿಂದ ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟ್) ಕೆಲಸಕ್ಕೆ ಅದು ಸಲ್ಲದು.

ಬೆಳೆಸುವುದು ಸುಲಭ: ಪಿಎಚ್ 9ರಿಂದ 10ರ ನಡುವೆ ಇರುವ ಬ್ರಾತಿನಲ್ಲಿ, ಸ್ವಲ್ಪ ಮ್ಯಾಂಗನೀಸ್ ಸಲ್ಫೇಟ್ ಸೇರಿಸಿ, ಕುಲುಕುವ ಇನ್‌ಕ್ಯುಬೇಟರಿನಲ್ಲಿ ಕೆಲವು ದಿನ ಬಿಡಿ.

ಇನ್ನು ಎಲ್ಲರೂ ಕೆಡಿಸುವ ಹಂತ. ನ್ಯೂಟ್ರಿಯೆಂಟ್ ಬ್ರಾತಿನ ಒಂದು ಲೀಟರಿನಲ್ಲಿ ಸಾಮಾನ್ಯವಾಗಿ 5 ಗ್ರಾಂ ಉಪ್ಪು (ಅದರಲ್ಲಿ ಸುಮಾರು 3 ಗ್ರಾಂ ಕ್ಲೋರೈಡ್), ಜೊತೆಗೆ ಪೆಪ್ಟೋನ್ ಎಂಬ ಒಡೆದ ಪ್ರೋಟೀನು ಮತ್ತು ಮಾಂಸ ಅಥವಾ ಯೀಸ್ಟಿನ ಸಾರ ಒಟ್ಟು ಸುಮಾರು 8 ಗ್ರಾಂ ಇರುತ್ತವೆ. ಕಾಂಕ್ರೀಟಿಗೆ ಬೆರೆಸುವ ನೀರಿನ ಲೀಟರಿನಲ್ಲಿ ಸಾವಯವ ಘನಪದಾರ್ಥ 200 ಮಿಲಿಗ್ರಾಂ, ಆರ್‌ಸಿಸಿಗಾದರೆ ಕ್ಲೋರೈಡ್ 500 ಮಿಲಿಗ್ರಾಂ ಮೀರಬಾರದೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000 ಹೇಳುತ್ತದೆ. ನೀರಿನ ಬದಲು ಬ್ರಾತನ್ನೇ ಸುರಿದವರು ಮೊದಲ ಮಿತಿಯನ್ನು ನಲವತ್ತು ಪಟ್ಟು, ಎರಡನೆಯದನ್ನು ಆರು ಪಟ್ಟು ಮೀರಿರುತ್ತಾರೆ. ಹಳೆಯ ಸುಣ್ಣದ ಗಾರೆಗೆ ಬೆಲ್ಲ ಹಾಕುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ಸುಣ್ಣದ ಗಾರೆಯ ಲೆಕ್ಕ ಬೇರೆ. ಸಿಮೆಂಟಿನ ತೂಕದ ಸಾವಿರದಲ್ಲಿ ಅರ್ಧ ಭಾಗದಷ್ಟು ಸಕ್ಕರೆಯೂ ಅದು ಗಟ್ಟಿಯಾಗುವುದನ್ನು ಗಂಟೆಗಟ್ಟಲೆ ತಡೆಹಿಡಿಯುತ್ತದೆ.

ಆದ್ದರಿಂದ ಬೀಜಕಗಳನ್ನು ತೊಳೆಯಲೇಬೇಕು. ಮೊದಲು ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಮ್ಯಾಲಕೈಟ್ ಗ್ರೀನ್ ಮತ್ತು ಸ್ಯಾಫ್ರನಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ: ಬೀಜಕಗಳು ಹಸಿರು ಚುಕ್ಕೆಗಳಾಗಿ, ಸಾಮಾನ್ಯ ಕೋಶಗಳು ಗುಲಾಬಿ ಕಡ್ಡಿಗಳಾಗಿ ಕಾಣುತ್ತವೆ. ಹಸಿರೇ ಹೆಚ್ಚಾಗುವವರೆಗೆ ಮುಂದಿನ ಕೆಲಸಕ್ಕೆ ಕೈಹಾಕಬೇಡಿ, ಏಕೆಂದರೆ ಬೀಜಕವಾಗದ ಕೋಶಗಳು ಹಸಿ ಕಾಂಕ್ರೀಟಿನ ಕ್ಷಾರದಲ್ಲಿ ಉಳಿಯುವುದಿಲ್ಲ. ನಂತರ 80 ಡಿಗ್ರಿ ಸೆಲ್ಸಿಯಸ್ ನೀರಿನ ತೊಟ್ಟಿಯಲ್ಲಿ 20 ನಿಮಿಷ ಇಟ್ಟರೆ ಉಳಿದ ಕೋಶಗಳು ಸತ್ತು ಬೀಜಕಗಳು ಉಳಿಯುತ್ತವೆ. ಇದನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ಹಳದಿ ದ್ರವವನ್ನು ಚೆಲ್ಲಿ, ತಳದ ಗಸಿಗೆ ಶುದ್ಧೀಕರಿಸಿದ ಬಟ್ಟಿ ನೀರು ಹಾಕಿ, ಕಲಕಿ, ಮತ್ತೆ ತಿರುಗಿಸಿ. ಕನಿಷ್ಠ ಮೂರು ಬಾರಿ ಹೀಗೆ ಮಾಡಿ. ಸಾಕಷ್ಟು ತೊಳೆದಿದೆಯೇ ಎಂದು ತಿಳಿಯಲು, ಚೆಲ್ಲುವ ನೀರನ್ನು ಒಂದು ನಳಿಕೆಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸಿ. ನೊರೆ ನಿಂತರೆ ಪೆಪ್ಟೋನ್ ಇನ್ನೂ ಇದೆ ಎಂದರ್ಥ, ಮತ್ತೊಮ್ಮೆ ತೊಳೆಯಿರಿ. ಕೊನೆಗೆ ಬದುಕಿರುವ ಬೀಜಕಗಳೆಷ್ಟೆಂದು ತಿಳಿಯಲು ಅಗರ್ ಪ್ಲೇಟ್ ಮೇಲೆ ಬೆಳೆಸಿ ಎಣಿಸಿ. ದ್ರವದ ಮಬ್ಬನ್ನು ಅಳೆಯುವ ಯಂತ್ರವೊಂದನ್ನೇ ನಂಬಿದರೆ ಸತ್ತವೂ ಬದುಕಿದವೂ ಒಟ್ಟಿಗೆ ಲೆಕ್ಕಕ್ಕೆ ಬರುತ್ತವೆ.

ತೊಳೆದ ಬೀಜಕಗಳಿಗೆ ಒಂದು ಮನೆ ಬೇಕು. ಸಿಮೆಂಟ್ ಬಲಿತಂತೆ ಅದರೊಳಗಿನ ರಂಧ್ರಗಳು ಕಿರಿದಾಗುತ್ತವೆ, ನೇರವಾಗಿ ಬೆರೆಸಿದ ಬೀಜಕಗಳು ಕೆಲವು ತಿಂಗಳಲ್ಲೇ ನುಜ್ಜುಗುಜ್ಜಾಗುತ್ತವೆ. ಇದಕ್ಕೆ ಕುಲುಮೆಯಲ್ಲಿ ಉಬ್ಬಿಸಿದ ಜೇಡಿಮಣ್ಣಿನ ಹರಳುಗಳೇ ಸರಿ. ದಾವಣಗೆರೆಯವರಿಗೆ ಭಟ್ಟಿಯ ಮಂಡಕ್ಕಿಯನ್ನು ನೆನೆದರೆ ಸಾಕು, ಅಷ್ಟೇ ಹಗುರ, ಒಳಗೆಲ್ಲ ರಂಧ್ರ. ಒಂದರಿಂದ ನಾಲ್ಕು ಮಿಲಿಮೀಟರ್ ಗಾತ್ರದ್ದನ್ನು ಆರಿಸಿ. ಲೀಟರಿಗೆ 80 ಗ್ರಾಂ ಕ್ಯಾಲ್ಸಿಯಂ ಲ್ಯಾಕ್ಟೇಟ್ ಮತ್ತು 1 ಗ್ರಾಂ ಯೀಸ್ಟ್ ಸಾರದ ಬೆಚ್ಚಗಿನ ದ್ರಾವಣದಲ್ಲಿ, ಗಾಳಿಯನ್ನು ಪಂಪಿನಿಂದ ಹೀರಿ ತೆಗೆಯುತ್ತ, ಹರಳುಗಳನ್ನು ಎರಡು ಬಾರಿ ನೆನೆಸಿ, ಮೂರನೆಯ ಬಾರಿ ಬೀಜಕಗಳ ನೀರಿನಲ್ಲಿ ನೆನೆಸಿ. ಪ್ರತಿ ಬಾರಿಯ ನಂತರ 37 ಡಿಗ್ರಿಯಲ್ಲಿ ಐದು ದಿನ ಒಣಗಿಸಬೇಕು. ಈ ಹದಿನೈದು ದಿನಗಳನ್ನು ಉಳಿಸಲು ಹರಳುಗಳನ್ನು ಬಿಸಿಲಿಗೆ ಹರಡುವವರನ್ನು ಕಂಡಿದ್ದೇನೆ. ಧೂಳಿನ ಜೊತೆ ಬೇರೆ ಜೀವಿಗಳು ಸೇರಿ, ಪೋಷಕಾಂಶ ತುಂಬಿದ ಹರಳಿನ ಮೇಲೆ ಬೂಸ್ಟು ಬೆಳೆದಿತ್ತು. ಒಣಗಿದ ಹರಳಿಗೆ ತೆಳುವಾದ ಸಿಮೆಂಟ್ ಲೇಪ ಕೊಡಿ, ಒಳಗಿನ ಆಹಾರ ಬೆರೆಸುವ ನೀರಿಗೆ ಸೋರುವುದು ಕಡಿಮೆಯಾಗುತ್ತದೆ.

ಎರಕ ಹೊಯ್ಯುವುದು ಎಂದಿನಂತೆ. ಒಂದೇ ಎಚ್ಚರಿಕೆ: ಎಂ-ಸ್ಯಾಂಡಿನ ಒಂದು ಭಾಗ ತೆಗೆದು ಹರಳು ಹಾಕುವಾಗ ತೂಕಕ್ಕೆ ತೂಕ ಹಾಕದೆ ಗಾತ್ರಕ್ಕೆ ಗಾತ್ರ ಹಾಕಿ. ಹಗುರವಾದ ಹರಳು ಹೆಚ್ಚಾದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ.

ಪರೀಕ್ಷೆಗೆ ಮೂರು ಗುಂಪು ಬೇಕು: ಸಾದಾ ಕಾಂಕ್ರೀಟ್, ಬೀಜಕವಿಲ್ಲದ ಆದರೆ ಲ್ಯಾಕ್ಟೇಟ್ ತುಂಬಿದ ಹರಳಿನದು, ಬೀಜಕವಿರುವ ಹರಳಿನದು. ಎರಡನೆಯ ಗುಂಪನ್ನು ಬಿಟ್ಟರೆ ಬಿರುಕು ಮುಚ್ಚಿದ್ದು ಬ್ಯಾಕ್ಟೀರಿಯಾದಿಂದಲೋ ಬೇರೆ ಕಾರಣದಿಂದಲೋ ಎಂದು ಹೇಳಲಾಗದು. 28 ದಿನ ಕ್ಯೂರಿಂಗ್ ಆದ ಮೇಲೆ, ಒಳಗೆ ತೆಳ್ಳನೆಯ ತಂತಿ ಇಟ್ಟು ಎರಕ ಹೊಯ್ದ ತೊಲೆಗಳನ್ನು ನಿಧಾನವಾಗಿ ಬಗ್ಗಿಸಿ ಬಿರುಕು ಬರಿಸಿ, ಗುರುತು ಹಾಕಿದ ಐದಾರು ಜಾಗಗಳಲ್ಲಿ ಅಗಲವನ್ನು ಸೂಕ್ಷ್ಮದರ್ಶಕದಿಂದ ಅಳೆದು ಬರೆದಿಡಿ. ಬಳಿಕ ಒಂದು ದಿನ ನೀರಿನಲ್ಲಿ, ಒಂದು ದಿನ ಹೊರಗೆ ಇಡುತ್ತ ಬನ್ನಿ. ಈ ಬ್ಯಾಕ್ಟೀರಿಯಾಗಳಿಗೆ ನೀರಿನಷ್ಟೇ ಗಾಳಿಯೂ ಬೇಕು.

ನಮ್ಮ ಭಾಗದಲ್ಲಿ ಮೋಸ ಹೋಗುವುದು ಇಲ್ಲಿ. ಬೋರ್‌ವೆಲ್ಲಿನ ಗಡಸು ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುವಂತೆ ಬಿರುಕಿನ ಬಾಯಿಗೂ ಕಟ್ಟುತ್ತದೆ. ಅದರ ಮೇಲೆ ಆಮ್ಲದ ಹನಿ ಬಿಟ್ಟರೆ ನೊರೆಯೂ ಬರುತ್ತದೆ, ಏಕೆಂದರೆ ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹಾಗಾಗಿ ಮೂರೂ ಗುಂಪಿಗೆ ಒಂದೇ ಡ್ರಮ್ಮಿನ ನೀರನ್ನು ಬಳಸಿ, ಆದರೆ ಬೇರೆ ಬೇರೆ ಟಬ್ಬುಗಳಲ್ಲಿ ಇಡಿ. ಒಂದೇ ಟಬ್ಬಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾದಾ ತೊಲೆಗೂ ದಾಟುತ್ತದೆ. ಮೇಲ್ಮೈಯ ಬಿಳಿ ಗೆರೆಯ ಫೋಟೊ ತೆಗೆದು ನಿಲ್ಲಿಸದೆ, ಬಿರುಕಿನ ಮೇಲೆ ಸಣ್ಣ ಕೊಳವೆ ಅಂಟಿಸಿ, ಒಂದೇ ಎತ್ತರಕ್ಕೆ ನೀರು ತುಂಬಿ, ಗಂಟೆಗೆ ಎಷ್ಟು ಮಿಲಿಲೀಟರ್ ಸೋರಿತೆಂದು ಮೂರೂ ಗುಂಪಿನಲ್ಲಿ ಅಳೆಯಿರಿ. ನೂರು ದಿನಗಳವರೆಗೆ ಹತ್ತು ದಿನಕ್ಕೊಮ್ಮೆ ಇದೇ ಅಳತೆಯನ್ನು ಬರೆಯುತ್ತ ಹೋಗಿ.