ಟೊಮೆಟೊ ಲೋಡಿಗೆ ಪಿಕಪ್ ಕೊಂಡಿದ್ದು: ನನ್ನ ಅನುಭವ

ಮುಳಬಾಗಿಲು ಕಡೆಯಿಂದ ಕೋಲಾರದ ಎಪಿಎಂಸಿಗೆ, ಒಮ್ಮೊಮ್ಮೆ ಬೆಲೆ ನೋಡಿಕೊಂಡು ಗಡಿಯಾಚೆಯ ಮದನಪಲ್ಲಿಗೆ ಟೊಮೆಟೊ ಒಯ್ಯುವ ನನಗೆ, ಬಾಡಿಗೆ ಗಾಡಿಗೆ ಕೊಡುವ ಹಣವೇ ಸಾಲದ ಕಂತಿನಷ್ಟಾಗತೊಡಗಿದಾಗ ಸ್ವಂತ ಪಿಕಪ್ ಕೊಳ್ಳುವುದು ಅನಿವಾರ್ಯವಾಯಿತು. ಹೋಲಿಸಿದ್ದು ಟಾಟಾ ಇಂಟ್ರಾ, ಅಶೋಕ್ ಲೇಲ್ಯಾಂಡ್ ದೋಸ್ತ್ ಪ್ಲಸ್ ಮತ್ತು ಮಹೀಂದ್ರ ಬೊಲೆರೊ ಮ್ಯಾಕ್ಸ್ ಗಾಡಿಗಳನ್ನು. ಟಾಟಾ ಏಸ್, ಮಾರುತಿ ಸೂಪರ್ ಕ್ಯಾರಿ ಮುಕ್ಕಾಲು ಟನ್ನಿನ ಆಸುಪಾಸಿನವು. ನನ್ನ ಲೋಡಿಗೆ ಸಾಲವು.

ಮೊದಲು ನೋಡಿದ್ದು ಕಾಗದಪತ್ರದ ಲೆಕ್ಕ. ಸರಕೂ ಸೇರಿ ಗಾಡಿಯ ಒಟ್ಟು ತೂಕ 3000 ಕೆ.ಜಿ. ಮೀರದಿದ್ದರೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಂತೆ ಪರ್ಮಿಟ್ ಬೇಕಿಲ್ಲ. 2 ಟನ್ ಹೊರುವ ಬೊಲೆರೊ ಮ್ಯಾಕ್ಸ್ ಎಚ್‌ಡಿ ಗಟ್ಟಿಮುಟ್ಟಾದ ಗಾಡಿಯೇ ಆದರೂ ಈ ಮಿತಿಯನ್ನು ದಾಟುತ್ತದೆ. ಆಂಧ್ರಕ್ಕೆ ಆಗಾಗ ಹೋಗುವವನಿಗೆ ಅದೊಂದು ಹೆಚ್ಚಿನ ತಾಪತ್ರಯವೆಂದು ಅದನ್ನು ಕೈಬಿಟ್ಟೆ.

ಉಳಿದವುಗಳನ್ನು ಅಳೆಯಲು ಖಾಲಿ ಕ್ರೇಟ್‌ಗಳನ್ನೇ ಷೋರೂಮಿಗೆ ಒಯ್ದೆ. ಮಾರಾಟದ ಹುಡುಗ ನಕ್ಕ, ನಗಲಿ. ನಮ್ಮ ಕ್ರೇಟ್ 540 ಮಿ.ಮೀ. ಉದ್ದ, 360 ಮಿ.ಮೀ. ಅಗಲ. ಇಂಟ್ರಾ ವಿ30ರ ಬಾಡಿಯ ಉದ್ದ 2690 ಮಿ.ಮೀ.; ಐದು ಕ್ರೇಟ್ ಉದ್ದಕ್ಕೆ ಇಡಲು 2700 ಬೇಕು. ಆ ಹತ್ತು ಮಿಲಿಮೀಟರಿಗಾಗಿ ಐದನೆಯ ಸಾಲು ಕೂರುವುದಿಲ್ಲ, ಉಳಿದ ಜಾಗದಲ್ಲಿ ಅಡ್ಡ ತಿರುಗಿಸಿದ ಎರಡು ಕ್ರೇಟ್ ಮಾತ್ರ ಸಲೀಸಾಗಿ ಹಿಡಿಯುತ್ತವೆ. 2960 ಮಿ.ಮೀ. ಉದ್ದದ ವಿ50ರಲ್ಲಿ ಒಂದು ಅಟ್ಟಿಗೆ, ಎಂದರೆ ಒಂದು ಪದರಕ್ಕೆ, ಇಪ್ಪತ್ತು ನಿರಾಳವಾಗಿ ಕೂತವು. ನಾಲ್ಕು ಅಟ್ಟಿ ಎಂದರೆ 80. ಹಣ್ಣು 15 ಕೆ.ಜಿ., ಕ್ರೇಟಿನ ತೂಕ ಸೇರಿ 17 ಎಂದು ಹಿಡಿದರೂ 1360 ಕೆ.ಜಿ., ಅಂದರೆ ಅದರ 1500 ಕೆ.ಜಿ. ಮಿತಿಯೊಳಗೇ. ದೋಸ್ತ್ ಪ್ಲಸ್ ಕೂಡ ಒಂದೂವರೆ ಟನ್ನಿನ ಗಾಡಿ, ತಯಾರಾಗುವುದು ನಮಗೆ ಹತ್ತಿರದ ಹೊಸೂರಿನಲ್ಲಿ; ಅದನ್ನು ಓಡಿಸುವ ಪರಿಚಯದವರಾರೂ ದೂರಿಲ್ಲ. ನನ್ನ ಮನಸ್ಸು ವಿ50ರತ್ತ ವಾಲಿದ್ದು ಕ್ರೇಟ್ ಕೂತ ರೀತಿಗೆ, ಮತ್ತು ನಮ್ಮೂರಿನ ಮೆಕ್ಯಾನಿಕ್‌ಗೆ ಇಂಟ್ರಾದ ಕೆಲಸ ಚೆನ್ನಾಗಿ ಗೊತ್ತಿದ್ದದ್ದಕ್ಕೆ.

ಆದರೆ ಆರಿಸಿದ ಗಾಡಿ ಕೈಗೆ ಸಿಗುವುದು ಬೇರೆಯದೇ ಮಾತು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯುತ್ತದೆಂದು ತಿಳಿದ ಮೇಲೆ ಬಹಳಷ್ಟು ಜನ ಕೊಳ್ಳುವುದನ್ನು ಮುಂದೂಡಿದರು. ಇಳಿಕೆ ಜಾರಿಯಾದಾಗ ದಸರಾ, ದೀಪಾವಳಿಯ ಗಿರಾಕಿಗಳೂ ಅದಕ್ಕೇ ಕೂಡಿಕೊಂಡರು. ಹಳೆಯ ತೆರಿಗೆ ಸೇರಿ 9 ಲಕ್ಷವಿದ್ದ ಗಾಡಿಯಲ್ಲಿ ಸುಮಾರು 70 ಸಾವಿರ ಉಳಿಯುವುದರಿಂದ ಕಾದವರದು ತಪ್ಪೇನಲ್ಲ. ನಾನು ವಿಚಾರಿಸಿದ ಮಳಿಗೆಯೊಂದರಲ್ಲಿ, ಅದು ಯಾವುದೆಂದು ಹೇಳುವುದು ಬೇಡ, ಬೇಕಾದ ಮಾದರಿ ಇಲ್ಲದೆ ಅಂಗಳದಲ್ಲಿ ನಿಂತಿದ್ದುದನ್ನೇ ದಾಟಿಸಲು ನೋಡಿದರು. ಮುಂಗಡ ಕೊಡದೆ ಎದ್ದು ಬಂದು, ಪಕ್ಕದ ಜಿಲ್ಲೆಗಳಿಗೆ ಫೋನ್ ಮಾಡಿದ್ದರಿಂದ ಉದ್ದ ಬಾಡಿಯದೇ ಸಿಕ್ಕಿತು.

ಮುಂಗಡಕ್ಕೆ ಮೊದಲು ಷಾಸಿ ನಂಬರ್ ಬರೆಸಿಕೊಂಡು, ಗಾಡಿ ತಯಾರಾದ ತಿಂಗಳನ್ನು ನೋಡಿದೆ. ವರ್ಷದ ಕೊನೆಯಲ್ಲಿ ಕೊಳ್ಳುವವರು ಇದನ್ನು ಬಿಡಬಾರದು. ಮುಂದೆ ಮಾರುವಾಗ ದಲ್ಲಾಳಿ ಮೊದಲು ಕೇಳುವುದು ತಯಾರಾದ ವರ್ಷವನ್ನೇ.